ರಕ್ತ ಕಡಿಮೆ ಇದೆ, ಸರಿ; ಏಕೆ ಕಡಿಮೆ?

ಎಲ್ಲ ರಕ್ತಹೀನತೆಯೂ ಒಂದೇ ಅಲ್ಲ. ಕಾರಣ ಹುಡುಕದೆ ನುಂಗುವ ಕಬ್ಬಿಣಾಂಶದ ಮಾತ್ರೆ ಕೆಲವರಿಗೆ ಮದ್ದು, ಕೆಲವರಿಗೆ ವ್ಯರ್ಥ, ಇನ್ನು ಕೆಲವರಿಗೆ ಅಪಾಯ.

ನಾಲ್ವರ ರಕ್ತಪರೀಕ್ಷೆಯ ವರದಿಗಳು ಒಂದೇ ಮೇಜಿನ ಮೇಲಿವೆ ಎಂದುಕೊಳ್ಳಿ. ನಾಲ್ಕರಲ್ಲೂ ಹಿಮೋಗ್ಲೋಬಿನ್ 8 ಗ್ರಾಂ. ಮೊದಲನೆಯದು ಕಲಬುರಗಿ ಕಡೆಯ ಕೂಲಿಕಾರ ಹೆಣ್ಣುಮಗಳದು. ಆಕೆಗೀಗ ಐದು ತಿಂಗಳು. ಎರಡನೆಯದು ನಿವೃತ್ತ ಗುಮಾಸ್ತರೊಬ್ಬರದು. ಮಂಡಿನೋವಿಗೆಂದು ವರ್ಷಗಟ್ಟಲೆ ನೋವಿನ ಮಾತ್ರೆ ನುಂಗಿದವರು. ಮೂರನೆಯದು ಹುಟ್ಟಾ ಸಸ್ಯಾಹಾರಿ ಅಜ್ಜಿಯದು. ಅವರಿಗೆ ಕೆಲವು ತಿಂಗಳಿಂದ ಅಂಗಾಲು ಜುಮುಗುಡುತ್ತಿದೆ, ನಡೆದರೆ ಜೋಲಿ ಹೊಡೆಯುತ್ತದೆ. ನಾಲ್ಕನೆಯದು ಬಿಳಿಗಿರಿರಂಗನ ಬೆಟ್ಟದ ಸೋಲಿಗರ ಹುಡುಗನದು. ಅವನಿಗೆ ಆಗಾಗ ಕೈಕಾಲಿನ ಮೂಳೆಗಳಲ್ಲಿ ತಡೆಯಲಾರದ ನೋವು.

‘ರಕ್ತ ಕಡಿಮೆ ಇದೆ’ ಎಂದು ನಾಲ್ವರಿಗೂ ಒಂದೇ ಟಾನಿಕ್ ಬರೆದುಕೊಟ್ಟರೆ ಏನಾಗುತ್ತದೆ? ಬಸುರಿಗೆ ಅಷ್ಟಿಷ್ಟು ಉಪಯೋಗವಾದೀತು. ಗುಮಾಸ್ತರ ಹೊಟ್ಟೆಯೊಳಗೆ ಹುಣ್ಣಿನಿಂದ ಸೋರುತ್ತಿರುವ ರಕ್ತ ಸೋರುತ್ತಲೇ ಇರುತ್ತದೆ. ಅಜ್ಜಿಯ ನರಗಳು ದಿನದಿನಕ್ಕೆ ಸೊರಗುತ್ತವೆ. ಹುಡುಗನ ಕಾಯಿಲೆಗೂ ಆ ಬಾಟಲಿಗೂ ಸಂಬಂಧವೇ ಇರುವುದಿಲ್ಲ. ಜ್ವರ ಬಂದಾಗ ‘ಯಾವ ಜ್ವರ’ ಎಂದು ಕೇಳದೆ ನಾವು ಬಿಡುವುದಿಲ್ಲ. ಮಲೇರಿಯಾವೇ, ಡೆಂಗಿಯೇ, ಟೈಫಾಯ್ಡೇ ಎಂದು ಪರೀಕ್ಷೆ ಮಾಡಿಸುತ್ತೇವೆ. ರಕ್ತಹೀನತೆಯೂ ಜ್ವರದ ಹಾಗೆ ಒಂದು ಲಕ್ಷಣ. ಅದರ ಹಿಂದೆ ಏನಿದೆ ಎಂಬ ಪ್ರಶ್ನೆಯನ್ನು ಮಾತ್ರ ನಾವು ಕೇಳುವುದೇ ಕಡಿಮೆ.

ಅಂಕಿಅಂಶ ಮತ್ತು ಅದರ ಮಿತಿ

2019–21ರ ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 15ರಿಂದ 49 ವರ್ಷದೊಳಗಿನ ಹೆಂಗಸರಲ್ಲಿ ಶೇ 57, ಅದೇ ವಯಸ್ಸಿನ ಗಂಡಸರಲ್ಲಿ ಶೇ 25, ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ 67 ಮಂದಿಗೆ ರಕ್ತಹೀನತೆ ಇದೆ. ಕರ್ನಾಟಕದ ಹೆಂಗಸರಲ್ಲಿ ಇದು ಶೇ 47.8, ಮಕ್ಕಳಲ್ಲಿ ಶೇ 65.5. ಹಿಂದಿನ ಸಮೀಕ್ಷೆಗಿಂತ ಎರಡೂ ಏರಿವೆ.

ವಿಶ್ವ ಆರೋಗ್ಯ ಸಂಸ್ಥೆಯ ಅಳತೆಯಂತೆ ಒಂದು ಡೆಸಿಲೀಟರ್ ರಕ್ತದಲ್ಲಿ ಗಂಡಸರಿಗೆ 13 ಗ್ರಾಂ, ಹೆಂಗಸರಿಗೆ 12, ಬಸುರಿಯರಿಗೆ 11 (ನಾಲ್ಕರಿಂದ ಆರನೇ ತಿಂಗಳಲ್ಲಿ 10.5) ಗ್ರಾಂಗಿಂತ ಕಡಿಮೆ ಹಿಮೋಗ್ಲೋಬಿನ್ ಇದ್ದರೆ ರಕ್ತಹೀನತೆ. ಬಸುರಿಯಲ್ಲಿ 7ಕ್ಕಿಂತ, ಉಳಿದ ವಯಸ್ಕರಲ್ಲಿ 8ಕ್ಕಿಂತ ಕೆಳಗಿಳಿದರೆ ಅದು ತೀವ್ರ ಸ್ವರೂಪದ್ದು.

ಈ ಲೆಕ್ಕದ ಬಗ್ಗೆ ವಿಜ್ಞಾನಿಗಳಲ್ಲಿ ಚರ್ಚೆಯೂ ನಡೆದಿದೆ. ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಬೆರಳು ಚುಚ್ಚಿ ಹನಿ ರಕ್ತ ತೆಗೆದಿದ್ದರು. 2016–18ರಲ್ಲಿ ಮಕ್ಕಳು ಮತ್ತು ಹದಿಹರೆಯದವರಿಗಾಗಿಯೇ ನಡೆದ ಸಮಗ್ರ ರಾಷ್ಟ್ರೀಯ ಪೌಷ್ಟಿಕತೆ ಸಮೀಕ್ಷೆಯಲ್ಲಿ ರಕ್ತನಾಳದಿಂದ ರಕ್ತ ತೆಗೆದು ಪ್ರಯೋಗಾಲಯದಲ್ಲಿ ಪರೀಕ್ಷಿಸಿದರು. ಅದರಲ್ಲಿ ಒಂದರಿಂದ ನಾಲ್ಕು ವರ್ಷದ ಮಕ್ಕಳಲ್ಲಿ ಕಂಡ ರಕ್ತಹೀನತೆ ಶೇ 41. ಬೆರಳಿನ ಹನಿಯಲ್ಲಿ ಅಂಗಾಂಶದ ದ್ರವ ಬೆರೆತರೆ ಸಂಖ್ಯೆ ತಪ್ಪಬಹುದು. ಭಾರತೀಯರಿಗೆ ವಿಶ್ವ ಆರೋಗ್ಯ ಸಂಸ್ಥೆಯ ಗಡಿಸಂಖ್ಯೆಗಳು ಹೊಂದುತ್ತವೆಯೇ ಎಂದು ಕೇಳಿದವರಲ್ಲಿ ಬೆಂಗಳೂರಿನ ಸೇಂಟ್ ಜಾನ್ಸ್ ಸಂಸ್ಥೆಯ ಪೌಷ್ಟಿಕಾಂಶ ತಜ್ಞರೂ ಇದ್ದಾರೆ. ಮನೆಮಂದಿಗೆ ಇದರಿಂದ ತಿಳಿಯಬೇಕಾದದ್ದು ಇಷ್ಟು: ಬೆರಳಿನ ಹನಿ ಅನುಮಾನ ಹುಟ್ಟಿಸುವುದಕ್ಕೆ ಸಾಕು, ತೀರ್ಮಾನಕ್ಕೆ ತೋಳಿನಿಂದ ತೆಗೆದ ರಕ್ತವೇ ಬೇಕು.

ಕೆಂಪುಕಣದ ಹುಟ್ಟು, ಸಾವು

ಕೆಂಪುಕಣ ಹುಟ್ಟುವುದು ಮೂಳೆಯೊಳಗಿನ ಮಜ್ಜೆಯಲ್ಲಿ, ಸೆಕೆಂಡಿಗೆ ಸುಮಾರು 20 ಲಕ್ಷದಂತೆ. ಅದರ ಆಯಸ್ಸು ಸರಿಸುಮಾರು 120 ದಿನ. ಮುಪ್ಪಾದ ಕಣವನ್ನು ಗುಲ್ಮ ಮತ್ತು ಯಕೃತ್ತಿನಲ್ಲಿರುವ ಭಕ್ಷಕ ಕಣಗಳು ಒಡೆದು, ಅದರ ಕಬ್ಬಿಣವನ್ನು ಹೊಸ ಕಣಗಳಿಗೆ ದಾಟಿಸುತ್ತವೆ. ಹೀಗೆ ದಿನಕ್ಕೆ 20ರಿಂದ 25 ಮಿಲಿಗ್ರಾಂ ಕಬ್ಬಿಣ ದೇಹದೊಳಗೇ ಮರುಬಳಕೆಯಾಗುತ್ತದೆ. ಊಟದಿಂದ ದಿನವೂ ಒಳಸೇರುವುದು ಒಂದೆರಡು ಮಿಲಿಗ್ರಾಂ ಮಾತ್ರ. ದೇಹ ಇಷ್ಟು ಜತನ ಮಾಡುವುದರಿಂದಲೇ ರಕ್ತ ಹೊರಹೋದಾಗ ಆದ ನಷ್ಟವನ್ನು ಊಟವೊಂದರಿಂದಲೇ ತುಂಬುವುದು ನಿಧಾನ.

ರಕ್ತಹೀನತೆಗೆ ದಾರಿಗಳು ಮೂರು. ಮಜ್ಜೆಯಲ್ಲಿ ಕಣಗಳ ತಯಾರಿ ಕುಗ್ಗಬಹುದು, ತಯಾರಾದ ಕಣ ಅಕಾಲದಲ್ಲಿ ಒಡೆಯಬಹುದು, ಇಲ್ಲವೇ ರಕ್ತ ಹೊರಗೆ ಸೋರಬಹುದು. ಎಷ್ಟೇ ಬಗೆಯ ರಕ್ತಹೀನತೆಗಳ ಹೆಸರು ಕೇಳಿದರೂ ಅವೆಲ್ಲ ಈ ಮೂರರಲ್ಲಿ ಒಂದಕ್ಕೆ, ಕೆಲವೊಮ್ಮೆ ಎರಡಕ್ಕೆ ಸೇರಿದವು.

ಕಬ್ಬಿಣದ ಕೊರತೆ

ನಮ್ಮಲ್ಲಿ ಹೆಚ್ಚಾಗಿ ಕಾಣುವುದು ಇದೇ. ಒಂದು ಮಿಲಿಲೀಟರ್ ರಕ್ತದಲ್ಲಿ ಸುಮಾರು ಅರ್ಧ ಮಿಲಿಗ್ರಾಂ ಕಬ್ಬಿಣವಿರುತ್ತದೆ. ಒಂದು ಮುಟ್ಟಿನಲ್ಲಿ 80 ಮಿಲಿಲೀಟರಿಗಿಂತ ಹೆಚ್ಚು ರಕ್ತ ಹೋದರೆ ಅದು ಅತಿಸ್ರಾವ. ಅಂದರೆ ತಿಂಗಳಿಗೆ 40 ಮಿಲಿಗ್ರಾಂ ಕಬ್ಬಿಣ ನಷ್ಟ. ಒಂದು ಬಸಿರಿಗೆ ಒಟ್ಟು ಬೇಕಾಗುವ ಕಬ್ಬಿಣ ಸುಮಾರು 1000 ಮಿಲಿಗ್ರಾಂ. ಚಿಕ್ಕ ವಯಸ್ಸಿನಲ್ಲೇ ಮದುವೆ, ಬೆನ್ನುಬೆನ್ನಿಗೆ ಹೆರಿಗೆ, ಮನೆಯವರೆಲ್ಲ ಉಂಡ ಮೇಲೆ ಉಳಿದದ್ದರಲ್ಲಿ ಊಟ. ಈ ಮೂರೂ ಕೂಡಿದ ಹೆಣ್ಣಿನ ದೇಹದಲ್ಲಿ ಕಬ್ಬಿಣದ ದಾಸ್ತಾನು ಎಂದೂ ತುಂಬುವುದಿಲ್ಲ. ಗಂಡಸರ ಶೇ 25ಕ್ಕೂ ಹೆಂಗಸರ ಶೇ 57ಕ್ಕೂ ನಡುವಿನ ಅಂತರದಲ್ಲಿ ಪ್ರಕೃತಿಯ ಪಾಲೆಷ್ಟೋ ನಮ್ಮ ಅಡುಗೆಮನೆಯ ಪಾಲೂ ಇದೆ.

ಇನ್ನೊಂದು ಕಾರಣ ಕೊಕ್ಕೆಹುಳು. ಮಲ ಬಿದ್ದ ಒದ್ದೆ ಮಣ್ಣಿನಲ್ಲಿ ಬರಿಗಾಲಲ್ಲಿ ಓಡಾಡಿದರೆ ಇದರ ಮರಿ ಅಂಗಾಲಿನ ಚರ್ಮ ತೂರಿ ಒಳಹೊಕ್ಕು, ಕೊನೆಗೆ ಸಣ್ಣಕರುಳಿಗೆ ಕಚ್ಚಿಕೊಂಡು ರಕ್ತ ಹೀರುತ್ತದೆ. ಒಂದು ಹುಳು ಹೀರುವುದು ದಿನಕ್ಕೆ ಹನಿಯಷ್ಟೇ. ನೂರು ಹುಳುಗಳಿದ್ದರೆ ಯಾವ ಟಾನಿಕ್ಕೂ ಸಾಲದು. ಶಾಲೆ, ಅಂಗನವಾಡಿಗಳಲ್ಲಿ ಫೆಬ್ರುವರಿ ಮತ್ತು ಆಗಸ್ಟ್ ತಿಂಗಳಲ್ಲಿ ಕೊಡುವ ಅಲ್ಬೆಂಡಜೋಲ್ ಮಾತ್ರೆ ಇದಕ್ಕಾಗಿಯೇ.

ಸುಸ್ತು, ಮೆಟ್ಟಿಲೇರಿದರೆ ಏದುಸಿರು, ಎದೆ ಡವಗುಟ್ಟುವುದು, ತಲೆಸುತ್ತು, ಬಿಳುಚಿದ ಕಣ್ಣರೆಪ್ಪೆ, ಬಾಯಿ ಅಂಚಿನ ಹುಣ್ಣು, ಗುಳಿಬಿದ್ದ ಉಗುರು, ಕೂದಲು ಉದುರುವುದು ಇದರ ಲಕ್ಷಣಗಳು. ಮಣ್ಣು, ಬಳಪ, ಹಸಿ ಅಕ್ಕಿ ತಿನ್ನುವ ಚಪಲವೂ ಲಕ್ಷಣವೇ. ಅದನ್ನು ‘ಬಸುರಿ ಬಯಕೆ’ ಎಂದು ತಳ್ಳಿಹಾಕಬಾರದು; ದೇಹದಲ್ಲಿ ಕಬ್ಬಿಣ ತೀರಿದ ಸೂಚನೆ ಅದಾಗಿರಬಹುದು. ಎಳೆಯ ಮಕ್ಕಳಲ್ಲಿ ಈ ಕೊರತೆ ಕಲಿಕೆಯನ್ನೂ ಗಮನವನ್ನೂ ಕುಗ್ಗಿಸುತ್ತದೆ. ಬಸುರಿಗೆ ಇದ್ದರೆ ಕೂಸು ದಿನ ತುಂಬುವ ಮುನ್ನವೇ, ಕಡಿಮೆ ತೂಕದಲ್ಲಿ ಹುಟ್ಟುವ ಭಯ. ಹೆರಿಗೆಯಲ್ಲಿ ರಕ್ತಸ್ರಾವವಾದರೆ ತಾಳಿಕೊಳ್ಳುವ ಶಕ್ತಿ ಆಕೆಗಿರುವುದಿಲ್ಲ.

ಗಂಡಸರಲ್ಲಿ, ಮುಟ್ಟು ನಿಂತ ಹೆಂಗಸರಲ್ಲಿ ಕಬ್ಬಿಣದ ಕೊರತೆ ಕಂಡರೆ ಊಟದ ಮೇಲೆ ತಪ್ಪು ಹೊರಿಸಿ ಸುಮ್ಮನಾಗುವಂತಿಲ್ಲ. ಜಠರದ ಹುಣ್ಣು, ಮೂಲವ್ಯಾಧಿ, ನೋವಿನ ಮಾತ್ರೆಗಳಿಂದಾದ ಗಾಯ, ಕರುಳಿನ ಕ್ಯಾನ್ಸರ್ ಇವೆಲ್ಲ ಸದ್ದಿಲ್ಲದೆ ರಕ್ತ ಸೋರಿಸುತ್ತವೆ. ಮಲಪರೀಕ್ಷೆ, ಎಂಡೋಸ್ಕೋಪಿ, ಕೊಲೊನೋಸ್ಕೋಪಿ ಬೇಕಾಗುವುದು ಇಲ್ಲಿಯೇ. ಇಂಥ ಸಂದರ್ಭದಲ್ಲಿ ತಾವಾಗಿಯೇ ಅಂಗಡಿಯಿಂದ ಮಾತ್ರೆ ತಂದು ನುಂಗಿ ಹಿಮೋಗ್ಲೋಬಿನ್ ಏರಿಸಿಕೊಂಡವರು, ಗುಣವಾಗಬಹುದಾಗಿದ್ದ ಹಂತದಲ್ಲೇ ಕ್ಯಾನ್ಸರ್ ಪತ್ತೆಯಾಗುವ ಅವಕಾಶ ಕಳೆದುಕೊಳ್ಳಬಹುದು.

ಮುಂಬೈ ಗಿರಣಿಯ ಹೆಂಗಸರು ತೋರಿಸಿದ ದಾರಿ

ಎಲ್ಲ ಬಸುರಿಯರ ರಕ್ತಹೀನತೆಯೂ ಕಬ್ಬಿಣದ್ದಲ್ಲ ಎಂಬುದು ಗೊತ್ತಾದದ್ದು ಭಾರತದ ನೆಲದಲ್ಲೇ. ಇಂಗ್ಲೆಂಡಿನ ವೈದ್ಯೆ ಲೂಸಿ ವಿಲ್ಸ್ 1928ರಲ್ಲಿ ಮುಂಬೈಗೆ ಬಂದರು. ಬಟ್ಟೆ ಗಿರಣಿಗಳಲ್ಲಿ ದುಡಿಯುವ ಬಡ ಬಸುರಿಯರಲ್ಲಿ ವಿಚಿತ್ರ ರಕ್ತಹೀನತೆ ಇತ್ತು. ಕಬ್ಬಿಣದ ಕೊರತೆಯಲ್ಲಿ ಕೆಂಪುಕಣ ಚಿಕ್ಕದಾಗುತ್ತದೆ. ಇವರಲ್ಲಿ ಕಣಗಳು ಉಬ್ಬಿ ದೊಡ್ಡವಾಗಿದ್ದವು. ವಿಲ್ಸ್ ಆ ಹೆಂಗಸರು ಏನು ಉಣ್ಣುತ್ತಾರೆಂದು ವಿಚಾರಿಸಿದರು, ಪ್ರಾಣಿಗಳ ಮೇಲೆ ಪ್ರಯೋಗ ಮಾಡಿದರು. ಕೊನೆಗೆ ಯೀಸ್ಟ್‌ನಿಂದ ತಯಾರಾಗುವ ಮಾರ್ಮೈಟ್ ಎಂಬ ಅಗ್ಗದ ಪದಾರ್ಥ ತಿನ್ನಿಸಿದಾಗ ರೋಗಿಗಳು ಚೇತರಿಸಿಕೊಂಡರು. 1931ರಲ್ಲಿ ಈ ಫಲಿತಾಂಶ ಪ್ರಕಟವಾಯಿತು. ಯೀಸ್ಟ್‌ನಲ್ಲಿದ್ದ ಅನಾಮಿಕ ಸತ್ವಕ್ಕೆ ಬಹುಕಾಲ ‘ವಿಲ್ಸ್ ಫ್ಯಾಕ್ಟರ್’ ಎಂದೇ ಹೆಸರಿತ್ತು. ಅದು ಫೋಲಿಕ್ ಆಮ್ಲ. 1941ರಲ್ಲಿ ಪಾಲಕ್ ಸೊಪ್ಪಿನಿಂದ ಅದನ್ನು ಬೇರ್ಪಡಿಸಿದರು. 1940ರ ದಶಕದಲ್ಲಿ ಅದನ್ನು ಪ್ರಯೋಗಾಲಯದಲ್ಲಿ ತಯಾರಿಸಿದ ಅಮೆರಿಕದ ಲೆಡರ್ಲಿ ಕಂಪನಿಯ ಸಂಶೋಧನೆಯ ಮುಂದಾಳು ಆಂಧ್ರದ ಭೀಮಾವರದಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್. ಇಂದು ನಮ್ಮ ಬಸುರಿಯರಿಗೆ ಕೊಡುವ ಮಾತ್ರೆಯಲ್ಲಿ ಕಬ್ಬಿಣದ ಜೊತೆ ಫೋಲಿಕ್ ಆಮ್ಲ ಇರುವುದರ ಹಿಂದೆ ಆ ಗಿರಣಿಯ ಹೆಂಗಸರಿದ್ದಾರೆ.

ಕಣ ಉಬ್ಬುವ ಇನ್ನೊಂದು ಬಗೆ ವಿಟಮಿನ್ ಬಿ12 ಕೊರತೆಯದು. ಮಾಂಸ, ಮೀನು, ಮೊಟ್ಟೆ, ಹಾಲುಗಳಲ್ಲಿ ಬಿ12 ಇರುತ್ತದೆ. ಸೊಪ್ಪು, ಕಾಳುಗಳಲ್ಲಿ ಇರುವುದಿಲ್ಲ. ಹಾಲು ಮೊಸರೂ ಕಡಿಮೆ ಬಳಸುವ ಸಸ್ಯಾಹಾರಿಗಳು, ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ಅಥವಾ ಎದೆಯುರಿಗೆ ಆಮ್ಲ ತಗ್ಗಿಸುವ ಮಾತ್ರೆಗಳನ್ನು ವರ್ಷಾನುಗಟ್ಟಲೆ ತೆಗೆದುಕೊಳ್ಳುವವರು, ಜಠರದ ಶಸ್ತ್ರಚಿಕಿತ್ಸೆಯಾದವರು ಎಚ್ಚರದಿಂದಿರಬೇಕು. ಕೆಲವರ ಜಠರ ಬಿ12 ಹೀರಲು ಬೇಕಾದ ಪ್ರೋಟೀನನ್ನೇ ತಯಾರಿಸುವುದಿಲ್ಲ. ‘ಪರ್ನಿಷಿಯಸ್’ ಎಂಬ ಈ ರಕ್ತಹೀನತೆ ಒಂದು ಕಾಲಕ್ಕೆ ಸಾವಿನ ತೀರ್ಪೇ ಆಗಿತ್ತು. ಹಸಿ ಲಿವರ್ ತಿನ್ನಿಸಿದರೆ ರೋಗಿ ಬದುಕುತ್ತಾನೆ ಎಂದು ತೋರಿಸಿದ ಮೈನಾಟ್ ಮತ್ತು ಮರ್ಫಿ, ಅದಕ್ಕೆ ದಾರಿ ಮಾಡಿದ ವಿಪ್ಪಲ್ 1934ರ ನೊಬೆಲ್ ಹಂಚಿಕೊಂಡರು. ಆ ಲಿವರ್‌ನೊಳಗಿನ ಸತ್ವ ಬಿ12 ಎಂದು ಪ್ರತ್ಯೇಕವಾಗಿ ಸಿಕ್ಕಿದ್ದು 1948ರಲ್ಲಿ.

ಬಿ12 ಕೊರತೆ ನರಗಳನ್ನೂ ಕೆಡಿಸುತ್ತದೆ. ಕೈಕಾಲು ಜುಮುಗುಡುವುದು, ಜೋಲಿ, ಮರೆವು ಇದರ ಗುರುತು. ಬಿ12 ಕೊಡದೆ ಫೋಲಿಕ್ ಆಮ್ಲ ಮಾತ್ರ ಕೊಟ್ಟರೆ ರಕ್ತ ಸುಧಾರಿಸಿದಂತೆ ಕಾಣುತ್ತದೆ, ನರಗಳ ಹಾನಿ ಒಳಗೊಳಗೇ ಮುಂದುವರಿಯುತ್ತದೆ. ಆದ್ದರಿಂದ ಇಂಥವರಲ್ಲಿ ಮೊದಲು ಬಿ12 ಚುಚ್ಚುಮದ್ದು ಅಥವಾ ಹೆಚ್ಚಿನ ಪ್ರಮಾಣದ ಮಾತ್ರೆ.

ತಂದೆತಾಯಿಯಿಂದ ಬರುವುದು

ಥಲಸೀಮಿಯಾದಲ್ಲಿ ಹಿಮೋಗ್ಲೋಬಿನ್ ಕಟ್ಟುವ ಜೀನಿನಲ್ಲೇ ದೋಷ. ದೋಷದ ಒಂದು ಪ್ರತಿ ಮಾತ್ರ ಇರುವವರು ವಾಹಕರು. ಅವರಿಗೆ ಹೆಚ್ಚೆಂದರೆ ಅಲ್ಪ ರಕ್ತಹೀನತೆ. ಅವರ ಕಣಗಳೂ ಚಿಕ್ಕವಾಗಿರುವುದರಿಂದ ಕಬ್ಬಿಣದ ಕೊರತೆಯೆಂದು ತಪ್ಪಾಗಿ ತಿಳಿದು ವರ್ಷಗಟ್ಟಲೆ ಕಬ್ಬಿಣ ನುಂಗಿಸುವುದುಂಟು. ಭಾರತೀಯರಲ್ಲಿ ಶೇ 3ರಿಂದ 4ರಷ್ಟು ಮಂದಿ ವಾಹಕರೆಂಬ ಅಂದಾಜಿದೆ. ಗಂಡ ಹೆಂಡತಿ ಇಬ್ಬರೂ ವಾಹಕರಾದರೆ ಪ್ರತಿ ಬಸಿರಿನಲ್ಲೂ ಮಗುವಿಗೆ ಥಲಸೀಮಿಯಾ ಮೇಜರ್ ಬರುವ ಸಂಭವ ನಾಲ್ಕರಲ್ಲಿ ಒಂದು. ಅಂಥ ಮಗುವಿಗೆ ಎರಡರಿಂದ ನಾಲ್ಕು ವಾರಕ್ಕೊಮ್ಮೆ ರಕ್ತ ಕೊಡಿಸಬೇಕು. ಕೊಟ್ಟ ರಕ್ತದ ಕಬ್ಬಿಣ ಹೃದಯ, ಯಕೃತ್ತಿನಲ್ಲಿ ಶೇಖರವಾಗುವುದನ್ನು ತಡೆಯಲು ನಿತ್ಯ ಔಷಧ ಬೇಕು. ಹೊಂದುವ ಒಡಹುಟ್ಟಿದವರಿದ್ದರೆ ಅಸ್ಥಿಮಜ್ಜೆ ಕಸಿಯಿಂದ ಗುಣವಾಗಬಹುದು.

ಸೋದರಮಾವ, ಅತ್ತೆಮಗ, ಮಾವನ ಮಗಳ ಜೊತೆ ಮದುವೆ ನಮ್ಮಲ್ಲಿ ಇನ್ನೂ ರೂಢಿಯಲ್ಲಿದೆ. ಒಂದೇ ವಂಶದ ದೋಷ ಎರಡೂ ಕಡೆಯಿಂದ ಸೇರುವ ಸಾಧ್ಯತೆ ಇಂಥ ಮದುವೆಯಲ್ಲಿ ಹೆಚ್ಚು. ಜಾತಕ ನೋಡುವ ಹೊತ್ತಿಗೆ ಎಚ್‌ಪಿಎಲ್‌ಸಿ ಎಂಬ ರಕ್ತಪರೀಕ್ಷೆಯನ್ನೂ ಮಾಡಿಸಿದರೆ, ಒಂದು ಮಗು ಬದುಕಿಡೀ ಅನುಭವಿಸಬೇಕಾದ ನೋವನ್ನು ತಪ್ಪಿಸಬಹುದು. ಮದುವೆಯಾಗಿದ್ದರೆ ಬಸಿರಿನ ಮೊದಲ ವಾರಗಳಲ್ಲೇ ಮಾಡಿಸಬೇಕು.

ಸಿಕಲ್ ಸೆಲ್ ಕಾಯಿಲೆಯಲ್ಲಿ ಆಮ್ಲಜನಕ ಕಡಿಮೆಯಾದಾಗ ಕೆಂಪುಕಣ ಕುಡುಗೋಲಿನಂತೆ ಬಾಗಿ, ಸಣ್ಣ ರಕ್ತನಾಳಗಳಲ್ಲಿ ಸಿಕ್ಕಿಕೊಳ್ಳುತ್ತದೆ. ಮೊದಲು ಹೇಳಿದ ಸೋಲಿಗರ ಹುಡುಗನ ಮೂಳೆನೋವು ಅದರಿಂದಲೇ. ಭಾರತದಲ್ಲಿ ಇದು ಮೊದಲು ವರದಿಯಾದದ್ದು 1952ರಲ್ಲಿ, ನೀಲಗಿರಿಯ ಬುಡಕಟ್ಟುಗಳಲ್ಲಿ. ಆ ಬೆಟ್ಟಸಾಲಿಗೆ ಹತ್ತಿರದ ಚಾಮರಾಜನಗರ, ಮೈಸೂರು, ಕೊಡಗಿನ ಕಾಡಂಚಿನ ಸಮುದಾಯಗಳಲ್ಲೂ ಈ ಕಾಯಿಲೆ ಇದೆ. ಹೈಡ್ರಾಕ್ಸಿಯೂರಿಯಾ ಮಾತ್ರೆ ನೋವಿನ ಸರಣಿಯನ್ನು ಕಡಿಮೆ ಮಾಡುತ್ತದೆ. ಲಸಿಕೆ, ಸಾಕಷ್ಟು ನೀರು, ಸೋಂಕಿಗೆ ಕೂಡಲೇ ಚಿಕಿತ್ಸೆ ಜೀವ ಉಳಿಸುತ್ತವೆ. 2023ರ ಜುಲೈ 1ರಂದು ಮಧ್ಯಪ್ರದೇಶದ ಶಹಡೋಲ್‌ನಲ್ಲಿ ಆರಂಭವಾದ ರಾಷ್ಟ್ರೀಯ ಅಭಿಯಾನ 40 ವರ್ಷದೊಳಗಿನ ಏಳು ಕೋಟಿ ಜನರನ್ನು ಪರೀಕ್ಷಿಸುವ ಗುರಿ ಇಟ್ಟುಕೊಂಡಿದೆ. ಪರೀಕ್ಷೆಯ ಬಳಿಕ ಮಾತ್ರೆ ಹಾಡಿಯ ಬಾಗಿಲಿಗೆ ತಪ್ಪದೆ ತಲುಪಿದರೆ ಮಾತ್ರ ಆ ಗುರಿಗೆ ಅರ್ಥ.

ಇನ್ನುಳಿದ ಬಗೆಗಳು

ಕ್ಷಯ, ಸಂಧಿವಾತದಂಥ ದೀರ್ಘ ಕಾಯಿಲೆಗಳಲ್ಲಿ ದೇಹದಲ್ಲಿ ಕಬ್ಬಿಣ ಇದ್ದರೂ ಅದು ಮಜ್ಜೆಗೆ ಸಿಗುವುದಿಲ್ಲ. ಯಕೃತ್ತು ಸ್ರವಿಸುವ ಹೆಪ್ಸಿಡಿನ್ ಎಂಬ ಹಾರ್ಮೋನ್ ಅದನ್ನು ತಡೆದಿಡುತ್ತದೆ. ಮೂಲ ಕಾಯಿಲೆ ಹತೋಟಿಗೆ ಬಂದರೆ ರಕ್ತವೂ ಏರುತ್ತದೆ. ಮೂತ್ರಪಿಂಡ ಸೋತವರಲ್ಲಿ ಮಜ್ಜೆಯನ್ನು ಪ್ರಚೋದಿಸುವ ಎರಿಥ್ರೊಪೊಯೆಟಿನ್ ಕಡಿಮೆಯಾಗುತ್ತದೆ. ಅದನ್ನು ಚುಚ್ಚುಮದ್ದಿನಿಂದ ಕೊಡುತ್ತಾರೆ.

ಮಲೇರಿಯಾ ಕೆಂಪುಕಣಗಳನ್ನು ಒಡೆಯುತ್ತದೆ. ಜಿ6ಪಿಡಿ ಎಂಬ ಕಿಣ್ವ ಹುಟ್ಟಿನಿಂದಲೇ ಕಡಿಮೆ ಇರುವವರಿಗೆ ಮಲೇರಿಯಾದ ಪ್ರೈಮಾಕ್ವಿನ್ ಮಾತ್ರೆಯೇ ಕಣ ಒಡೆಯಬಹುದು. ಕೆಲವರಲ್ಲಿ ದೇಹದ ರಕ್ಷಣಾ ವ್ಯವಸ್ಥೆ ತನ್ನದೇ ಕಣಗಳ ಮೇಲೆ ತಿರುಗಿಬೀಳುತ್ತದೆ. ಅದಕ್ಕೆ ಸ್ಟೆರಾಯ್ಡ್ ಚಿಕಿತ್ಸೆ. ಕಣ್ಣು ಹಳದಿಯಾಗುವುದು, ಮೂತ್ರ ಕಪ್ಪಾಗುವುದು ಕಣ ಒಡೆಯುತ್ತಿರುವ ಗುರುತು. ರಕ್ತಹೀನತೆಯ ಜೊತೆ ಬಿಡದ ಜ್ವರ, ವಸಡಿನಲ್ಲಿ ರಕ್ತ, ಚರ್ಮದಲ್ಲಿ ಕೆನ್ನೀಲಿ ಚುಕ್ಕೆ ಕಂಡರೆ ಒಂದು ದಿನವೂ ಕಾಯಬಾರದು. ಮಜ್ಜೆಯೇ ಬತ್ತುವ ಏಪ್ಲಾಸ್ಟಿಕ್ ಅನೀಮಿಯಾ ಅಥವಾ ರಕ್ತದ ಕ್ಯಾನ್ಸರ್ ಆಗಿರಬಹುದು.

ಪತ್ತೆ ಹೇಗೆ?

ಮೊದಲ ಹೆಜ್ಜೆ ದುಬಾರಿಯಲ್ಲ. ಸಿಬಿಸಿ (ರಕ್ತಕಣಗಳ ಸಂಪೂರ್ಣ ಎಣಿಕೆ) ಪರೀಕ್ಷೆಯ ವರದಿಯಲ್ಲಿ ಹಿಮೋಗ್ಲೋಬಿನ್ ಕೆಳಗೆ ಎಂಸಿವಿ ಎಂಬ ಸಾಲಿರುತ್ತದೆ. ಅದು ಕೆಂಪುಕಣದ ಗಾತ್ರ. 80ರಿಂದ 100 ಸಹಜ. 80ಕ್ಕಿಂತ ಕಡಿಮೆಯಾದರೆ ಕಬ್ಬಿಣದ ಕೊರತೆ ಅಥವಾ ಥಲಸೀಮಿಯಾ ವಾಹಕತೆಯ ಅನುಮಾನ. 100 ಮೀರಿದರೆ ಬಿ12, ಫೋಲಿಕ್ ಆಮ್ಲ, ಥೈರಾಯ್ಡ್, ಯಕೃತ್ತು, ಮದ್ಯದ ಕಡೆ ನೋಡಬೇಕು. ಸಹಜ ಗಾತ್ರದಲ್ಲೇ ರಕ್ತ ಕಡಿಮೆಯಿದ್ದರೆ ಮೂತ್ರಪಿಂಡ, ದೀರ್ಘ ಕಾಯಿಲೆ, ಆಗಷ್ಟೇ ಆದ ರಕ್ತಸ್ರಾವ ನೆನಪಾಗಬೇಕು. ಸೂಕ್ಷ್ಮದರ್ಶಕದಲ್ಲಿ ರಕ್ತದ ಲೇಪವನ್ನು ನೋಡಿದ ಅನುಭವಿ ತಜ್ಞರು ಅರ್ಧ ಕತೆ ಅಲ್ಲೇ ಹೇಳಬಲ್ಲರು.

ಕಬ್ಬಿಣದ ದಾಸ್ತಾನು ತಿಳಿಯಲು ಫೆರಿಟಿನ್ ಪರೀಕ್ಷೆ. ವಯಸ್ಕರಲ್ಲಿ 15ಕ್ಕಿಂತ ಕಡಿಮೆಯಿದ್ದರೆ ದಾಸ್ತಾನು ಖಾಲಿ. ಸೋಂಕು, ಉರಿಯೂತ ಇದ್ದಾಗ ಫೆರಿಟಿನ್ ಸುಳ್ಳುಸುಳ್ಳೇ ಏರಿರುತ್ತದೆ ಎಂಬುದನ್ನು ವೈದ್ಯರು ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರೆ.

ಮಾತ್ರೆ ಮತ್ತು ಊಟ

ಬಸುರಿಯರಿಗೆ ನಾಲ್ಕನೇ ತಿಂಗಳಿಂದ ಕೊಡುವ ಕೆಂಪು ಮಾತ್ರೆಯಲ್ಲಿ 60 ಮಿಲಿಗ್ರಾಂ ಕಬ್ಬಿಣ, 500 ಮೈಕ್ರೋಗ್ರಾಂ ಫೋಲಿಕ್ ಆಮ್ಲ ಇರುತ್ತದೆ. ದಿನಕ್ಕೊಂದರಂತೆ 180 ದಿನ, ಹೆರಿಗೆಯ ಬಳಿಕ ಮತ್ತೆ 180 ದಿನ. 2018ರ ‘ಅನೀಮಿಯಾ ಮುಕ್ತ ಭಾರತ’ ಕಾರ್ಯಕ್ರಮದಲ್ಲಿ ಹದಿಹರೆಯದ ಮಕ್ಕಳಿಗೆ ವಾರಕ್ಕೊಂದು ನೀಲಿ ಮಾತ್ರೆ, ಚಿಕ್ಕ ಶಾಲಾಮಕ್ಕಳಿಗೆ ಗುಲಾಬಿ ಮಾತ್ರೆ. ಈಗಾಗಲೇ ರಕ್ತಹೀನತೆ ಇದ್ದರೆ ಪ್ರಮಾಣ ಬೇರೆ. ಅದನ್ನು ವೈದ್ಯರೇ ಹೇಳಬೇಕು.

ಹೊಟ್ಟೆ ತೊಳಸುತ್ತದೆ, ಮಲ ಕಪ್ಪಾಗುತ್ತದೆ ಎಂದು ಹಲವರು ಮಾತ್ರೆ ಬಿಟ್ಟುಬಿಡುತ್ತಾರೆ. ಮಲ ಕಪ್ಪಾಗುವುದು ಸಹಜ. ತೊಳಸಿದರೆ ರಾತ್ರಿ ಊಟವಾದ ಮೇಲೆ ನುಂಗಬಹುದು. ದಿನ ಬಿಟ್ಟು ದಿನ ಕೊಟ್ಟಾಗ ಪ್ರತಿ ಮಾತ್ರೆಯ ಕಬ್ಬಿಣ ಹೆಚ್ಚು ಒಳಸೇರುತ್ತದೆ ಎಂದು ಇತ್ತೀಚಿನ ಅಧ್ಯಯನಗಳು ತೋರಿಸಿವೆ; ವೈದ್ಯರನ್ನು ಕೇಳಿ ಹಾಗೂ ಮಾಡಬಹುದು. ಕಾಫಿ, ಟೀ, ಹಾಲು, ಕ್ಯಾಲ್ಸಿಯಂ ಮಾತ್ರೆಯ ಜೊತೆ ಮಾತ್ರ ಬೇಡ. ಎರಡು ಗಂಟೆ ಅಂತರವಿರಲಿ. ಹಿಮೋಗ್ಲೋಬಿನ್ ಸರಿಹೋದ ಮೇಲೂ ಸುಮಾರು ಮೂರು ತಿಂಗಳು ಮುಂದುವರಿಸಿದರೆ ದಾಸ್ತಾನು ತುಂಬುತ್ತದೆ. ಒಂದು ತಿಂಗಳಾದರೂ ಸಂಖ್ಯೆ ಮೇಲೇಳದಿದ್ದರೆ ಕಾರಣವನ್ನು ಮತ್ತೆ ಹುಡುಕಬೇಕು. ಮಾತ್ರೆಗಳನ್ನು ಎಳೆಯ ಮಕ್ಕಳ ಕೈಗೆ ಸಿಗದಂತೆ ಇಡಿ. ಒಟ್ಟಿಗೆ ನುಂಗಿದರೆ ಪ್ರಾಣಕ್ಕೇ ಕುತ್ತು.

ಮಾತ್ರೆ ಒಗ್ಗದವರಿಗೆ, ಹೆರಿಗೆಯ ದಿನ ಹತ್ತಿರವಾದವರಿಗೆ ಕಬ್ಬಿಣವನ್ನು ರಕ್ತನಾಳದ ಮೂಲಕ ಕೊಡುವ ಚುಚ್ಚುಮದ್ದು ಇದೆ. ಒಂದೇ ಸಲಕ್ಕೆ ಹೆಚ್ಚು ಪ್ರಮಾಣ ಕೊಡಬಲ್ಲ ಹೊಸ ಬಗೆಗಳನ್ನು ಬಸುರಿಯರಲ್ಲಿ ಪರೀಕ್ಷಿಸಿದ ದೊಡ್ಡ ಅಧ್ಯಯನವೊಂದು ಕರ್ನಾಟಕ ಮತ್ತು ರಾಜಸ್ಥಾನದಲ್ಲಿ ನಡೆದಿದೆ. ರಕ್ತ ಏರಿಸುವುದು ಕೊನೆಯ ಉಪಾಯ; ಸಾಮಾನ್ಯವಾಗಿ 7ಕ್ಕಿಂತ ಕೆಳಗಿಳಿದಾಗ, ಉಸಿರಾಟಕ್ಕೇ ಕಷ್ಟವಾದಾಗ.

ಇನ್ನು ಊಟ. ಬೀಟ್‌ರೂಟ್, ದಾಳಿಂಬೆ ಕೆಂಪಗಿರುವುದಕ್ಕೂ ರಕ್ತಕ್ಕೂ ಸಂಬಂಧವಿಲ್ಲ. ಅವುಗಳಲ್ಲಿ ಕಬ್ಬಿಣ ಕಡಿಮೆಯೇ. ಹುರುಳಿ, ಅಲಸಂದೆ, ಎಳ್ಳು, ದಂಟು, ನುಗ್ಗೆಸೊಪ್ಪುಗಳಲ್ಲಿ ಕಬ್ಬಿಣವಿದೆ. ಆದರೆ ಸಸ್ಯದ ಕಬ್ಬಿಣ ಸುಲಭವಾಗಿ ಒಳಸೇರುವುದಿಲ್ಲ. ಕಾಳನ್ನು ಮೊಳಕೆ ಕಟ್ಟಿದರೆ, ಸಾರಿಗೆ, ಪಲ್ಯಕ್ಕೆ ನಿಂಬೆರಸ ಹಿಂಡಿದರೆ, ಊಟದ ಜೊತೆ ನೆಲ್ಲಿಕಾಯಿಯನ್ನೋ ಸೀಬೆಹಣ್ಣನ್ನೋ ತಿಂದರೆ ಹೀರಿಕೆ ಹೆಚ್ಚುತ್ತದೆ. ಮೊಳಕೆ ಹುರುಳಿಯ ಸಾರು, ನಿಂಬೆ ಹಿಂಡಿದ ಕೋಸಂಬರಿ ನಮ್ಮ ಹಳೆಯ ಅಡುಗೆಗಳೇ. ಮಾಂಸ ತಿನ್ನುವವರಿಗೆ ಮೀನು, ಮಾಂಸದ ಕಬ್ಬಿಣ ಬೇಗ ಸಿಗುತ್ತದೆ. ಊಟವಾದ ಕೂಡಲೇ ಕುಡಿಯುವ ಕಾಫಿ, ಟೀಯನ್ನು ಒಂದು ಗಂಟೆ ಮುಂದೂಡಿದರೆ ಖರ್ಚಿಲ್ಲದೆ ಲಾಭ. ಆದರೆ ರಕ್ತಹೀನತೆ ಬಂದ ಮೇಲೆ ಊಟವೊಂದೇ ಸಾಲದು. ಊಟವೂ ಬೇಕು, ಮದ್ದೂ ಬೇಕು.

ಕೇಳಬೇಕಾದ್ದನ್ನು ಕೇಳೋಣ

ಸುಸ್ತನ್ನು ಹೆಣ್ಣಿನ ಹಣೆಬರಹವೆಂದು ಒಪ್ಪಿಕೊಂಡ ಮನೆಗಳು ನಮ್ಮಲ್ಲಿ ಇನ್ನೂ ಇವೆ. ಹೊಲದಿಂದ ಬಂದು ಒಲೆಯ ಮುಂದೆ ಕೂತವಳು ‘ಕೈಲಾಗುತ್ತಿಲ್ಲ’ ಎಂದರೆ ಅದು ಸೋಮಾರಿತನವಲ್ಲ, ಆಮ್ಲಜನಕ ಸಾಲದ ದೇಹದ ಮಾತು ಎಂದು ಗಂಡನೂ ಅತ್ತೆಯೂ ಅರಿಯಬೇಕು. ಅವಳೂ ಎಲ್ಲರ ಜೊತೆ ಕೂತು ಬಿಸಿಯಾಗಿ ಉಣ್ಣುವುದು ಚಿಕಿತ್ಸೆಯ ಮೊದಲ ಭಾಗ.

ಎರಡನೆಯ ಭಾಗ ಸರ್ಕಾರದ್ದು. ಆಶಾ ಕಾರ್ಯಕರ್ತೆಯರು ಮನೆಮನೆಗೆ ಮಾತ್ರೆ ಮುಟ್ಟಿಸುತ್ತಿದ್ದಾರೆ. ಅದು ಸಣ್ಣ ಕೆಲಸವಲ್ಲ. ಆದರೆ ತಾಯಿ ಕಾರ್ಡಿನಲ್ಲಿ ಬರೆದ ಪ್ರತಿ ಹಿಮೋಗ್ಲೋಬಿನ್ ಸಂಖ್ಯೆಯ ಪಕ್ಕದಲ್ಲಿ ಕಾರಣವನ್ನೂ ಬರೆಯುವಂತಾಗಬೇಕು. ಅದಕ್ಕಾಗಿ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಸಿಬಿಸಿ, ತಾಲ್ಲೂಕು ಆಸ್ಪತ್ರೆಯಲ್ಲಿ ಫೆರಿಟಿನ್, ಬಿ12, ಎಚ್‌ಪಿಎಲ್‌ಸಿ ಪರೀಕ್ಷೆಗಳು ಉಚಿತವಾಗಿ ಸಿಗಬೇಕು. ಮೂರನೆಯ ಭಾಗ ನಮ್ಮದು. ‘ರಕ್ತ ಕಡಿಮೆ ಇದೆ’ ಎಂದು ವೈದ್ಯರು ಹೇಳಿದಾಗ ಚೀಟಿ ಮಡಚಿಕೊಂಡು ಏಳುವ ಮೊದಲು ಕೇಳೋಣ: ಇದು ಯಾವ ಬಗೆಯದು, ಏಕೆ ಬಂತು, ಮತ್ತೆ ಯಾವಾಗ ಪರೀಕ್ಷೆ ಮಾಡಿಸಬೇಕು? ಈ ಮೂರು ಪ್ರಶ್ನೆಗಳಿಗೆ ಉತ್ತರ ಪಡೆಯುವುದು ರೋಗಿಯ ಹಕ್ಕು, ಸರಿಯಾದ ಚಿಕಿತ್ಸೆ ಆರಂಭವಾಗುವುದೂ ಅಲ್ಲಿಂದಲೇ.